ತಲೆ ಅಲ್ಲಿ, ಕಾಲು ಇಲ್ಲಿ

ಫೆಬ್ರವರಿ ೯

ಪ್ರೀತಿಯ ಚಿಕ್ಕಮ್ಮನಿಗೆ,

ಮಗು ಮಲಗಿದೆ. ಅದು ಎಷ್ಟು ಹೊತ್ತು ಮಲಗುತ್ತದೋ ಈ ಕಾಗದ ಅಷ್ಟೇ ಉದ್ದ. ನಡುವೆ ಎಲ್ಲಾದರೂ ತುಂಡಾದರೆ, ಎದ್ದಿತು ಅಂತ ತಿಳಿದುಕೋ.

ನೀನು ಮೊದಲು ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ತೂಕ ಆರು ಕಿಲೋಗೆ ನೂರು ಗ್ರಾಂ ಕಡಿಮೆ. ಹುಟ್ಟಿ ಏಳು ತಿಂಗಳಾಯಿತು. ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿದರೆ ನಾಲ್ಕು ಚಿಲ್ಲರೆ. ಡಾಕ್ಟರು ಎರಡನೆಯ ಲೆಕ್ಕ ಹಿಡಿಯಿರಿ ಅನ್ನುತ್ತಾರೆ. ನನ್ನ ಭಯ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಬೆರಳು ತಾಗಿ ಅದು ಎಚ್ಚರವಾಗುತ್ತದೆ, ಆಮೇಲೆ ಇಬ್ಬರೂ ಅಳುತ್ತೇವೆ. ನಿನ್ನೆ ನಿದ್ದೆಗಣ್ಣಲ್ಲಿ ಚಹಾವನ್ನು ಥರ್ಮಾಮೀಟರಿನಲ್ಲಿ ಕಲಕಿದೆ. ನಿನ್ನ ಅಳಿಯ ಇಣುಕಿ ನೋಡಿ, "ಎಷ್ಟಿದೆ ಜ್ವರ, ಚಹಾಕ್ಕೆ?" ಅಂದ.

ಈಗ ವಿಷಯಕ್ಕೆ ಬರುತ್ತೇನೆ. ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಅಂಗಡಿಯ ಅತಿ ಚಿಕ್ಕ ಅಂಗಿಯೂ ಅದಕ್ಕೆ ಗೋಣಿಚೀಲದ ಹಾಗೆ ಕಾಣುತ್ತಿತ್ತಲ್ಲ. ಆಗ ನಾನು ತಲೆಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿದ ಒಂದು ದಾರವನ್ನು ಲಕೋಟೆಯಲ್ಲಿಟ್ಟು ನಿನಗೆ ಕಳಿಸಿದ್ದೆ. "ಒಂದೂವರೆ ಗೇಣು. ಇಷ್ಟೇ ತಾನೆ, ಹೊಲಿದರಾಯಿತು" ಅಂತ ಬರೆದು ನೀನು ಅಂಗಿ ಕಳಿಸಿದೆ. ಹೊಲಿಗೆಯೆಲ್ಲ ಹೊರಮೈಗೆ, ಗುಂಡಿ ಇಲ್ಲ, ಎದುರು ಪೂರ್ತಿ ಬಿಚ್ಚುತ್ತದೆ, ಎಡಗಂಕುಳಲ್ಲಿ ತಂತಿ ಹೋಗಲು ಸೀಳು. ಅದನ್ನು ನೋಡಿದ ನರ್ಸಮ್ಮ ಪಕ್ಕದ ಪೆಟ್ಟಿಗೆಯ ಮಗುವಿಗೂ ಒಂದು ಕೇಳಿದರು. ಬಟ್ಟೆ ಕತ್ತರಿಸಲು ನೀನು ಕಳಿಸಿದ ಕಾಗದದ ಅಚ್ಚಿನ ಮೇಲೆ ಈವರೆಗೆ ನಲವತ್ತೊಂದು ಅಂಗಿ ಹೊಲಿದಿದ್ದೇನೆ. ನನ್ನ ಕರೆಂಟಿನ ಮಿಷನ್ನು ತೆಳು ಬಟ್ಟೆಯನ್ನು ನುಂಗುತ್ತದೆ, ಅರ್ಧ ಹೊತ್ತು ಬಾಯಿಂದ ಎಳೆದು ತೆಗೆಯುವುದೇ ಆಗಿದೆ.

ಈಗ ಆಸ್ಪತ್ರೆಯವರು ಬೇಗ ಹುಟ್ಟಿದ ಮಕ್ಕಳ ವಾರ್ಡಿಗೆಲ್ಲ ಇದೇ ಅಂಗಿ ಬೇಕು ಅನ್ನುತ್ತಿದ್ದಾರೆ. ಆದರೆ ಅವರ ಖರೀದಿ ವಿಭಾಗ ಮನೆಯಲ್ಲಿ ಹೊಲಿಯುವ ತಾಯಂದಿರ ಹತ್ತಿರ ಕೊಳ್ಳುವ ಹಾಗಿಲ್ಲ. ಒಂದು ಕಂಪನಿ ಆಗಬೇಕು. ಏಪ್ರಿಲ್ ಮೂವತ್ತರೊಳಗೆ ನೋಂದಣಿಗೆ ಅರ್ಜಿ ಹಾಕಿದ ರಸೀತಿ ತೋರಿಸಿದರೆ ಅವರ ಪಟ್ಟಿಗೆ ಸೇರುತ್ತೇವೆ. ತಪ್ಪಿದರೆ ಇನ್ನು ಮೂರು ವರ್ಷ ಆ ಪಟ್ಟಿ ತೆರೆಯುವುದಿಲ್ಲ. ಅಲ್ಲಿಯವರೆಗೆ ಆ ಮಕ್ಕಳಿಗೆ ಒತ್ತುಗುಂಡಿಯ ಅಂಗಿಯೇ ಗತಿ. ಅದರ ಗುಂಡಿ ಎದೆಯ ಮೇಲೆ ಕೆಂಪಗೆ ಅಚ್ಚೊತ್ತುವುದನ್ನು ನಾನು ನನ್ನ ಮಗುವಿನ ಮೈಮೇಲೆ ನೋಡಿದ್ದೇನೆ.

ಹಾಗಾಗಿ ನರ್ಸಮ್ಮ ಹೇಳಿದ ಒಬ್ಬ ವಕೀಲೆಯ ಹತ್ತಿರ ಹೋದೆ. ಕಂಪನಿ ಕಟ್ಟಿಸಿಕೊಡುವುದೇ ಅವರ ಕೆಲಸ. ಟೈರು ರಿಪೇರಿ ಅಂಗಡಿಯ ಮೇಲೆ ಆಫೀಸು. ಕೆಳಗೆ ಗಾಳಿ ತುಂಬಿದಾಗೆಲ್ಲ ಅವರ ಮೇಜಿನ ಮೇಲಿನ ಕಾಗದಗಳು ನಡುಗುತ್ತವೆ. "ಕಂಪನಿ ಅಂದ್ರೆ ಏನು ಅಂದ್ಕೊಂಡಿದೀರಿ?" ಅಂತ ಕೇಳಿದರು. ನಾನು ಕಾಲೇಜಿನಲ್ಲಿ ಓದಿದ್ದನ್ನು ಒಪ್ಪಿಸಿದೆ.

"ಅದೆಲ್ಲ ಪರೀಕ್ಷೆಗೆ. ಕಂಪನಿ ಅಂದ್ರೆ ಒಂದು ಕೂಸು. ಅದಕ್ಕೊಂದು ಹುಟ್ಟಿದ ತಾರೀಖು, ಹೆಸರು, ವಿಳಾಸ. ನಿಮ್ಮಿಂದ ಹುಟ್ಟುತ್ತೆ, ಆದ್ರೆ ನೀವಲ್ಲ. ನಾಳೆ ನೀವು ಹೋದ್ರೂ ಅದು ಇರುತ್ತೆ. ಅದಕ್ಕೇನಾದ್ರೂ ಆದ್ರೆ ನಿಮ್ಮ ಹೊಣೆ ಇಲ್ಲೀವರೆಗೆ ಮಾತ್ರ." ಸ್ಕೇಲಿಟ್ಟು ಒಂದು ಗೆರೆ ಎಳೆದರು.

ಚಿಕ್ಕಮ್ಮ, ನಾನು ಆ ಗೆರೆಯನ್ನೇ ನೋಡುತ್ತ ಕೂತುಬಿಟ್ಟೆ. "ತಾಯಂದಿರಿಗೂ ಇಂಥದ್ದೊಂದು ಎಳೆದುಕೊಡ್ತೀರಾ?" ಅಂದೆ.

"ಅದಕ್ಕೆ ಫಾರಂ ಬಂದಿಲ್ಲ ಕಣಮ್ಮ" ಅಂದರು, ಮುಖ ಎತ್ತದೆ. ನನಗೂ ಇಬ್ಬರಿದ್ದಾರೆ ಅಂತ ಆಮೇಲೆ ಸೇರಿಸಿದರು.

ಉದ್ದೇಶ ಬರೆಯಿರಿ ಅಂದಾಗ "ಬೇಗ ಹುಟ್ಟಿದ ಮಕ್ಕಳಿಗೆ ಅಂಗಿ ಹೊಲಿಯುವುದು" ಅಂತ ಬರೆದೆ. ಅದನ್ನು ಓದಿ, "ಇಷ್ಟು ಚಿಕ್ಕದಾಗಿ ಬರೆದ್ರೆ ನಾಳೆ, ಹೊತ್ತಿಗೆ ಸರಿಯಾಗಿ ಹುಟ್ಟಿದ ಮಗುಗೆ ಒಂದು ಚಡ್ಡಿ ಹೊಲಿಯೋಕೂ ಕಾನೂನು ಬಿಡಲ್ಲ. ಕೂಸು ಬೆಳೆಯುತ್ತೆ ಅಂತ ಅಂಗಿ ಹೊಲಿಯುವಾಗ ಒಳಗೆ ಬಟ್ಟೆ ಮಡಚಿಡ್ತೀರಲ್ಲ, ಹಾಗೆ ಸ್ವಲ್ಪ ಬಿಟ್ಟು ಬರೀರಿ" ಅಂದರು. ಇವರು ನಮ್ಮವರೇ ಅನ್ನಿಸಿತು.

ಕಂಪನಿಗೆ ಕಡಿಮೆಯೆಂದರೆ ಇಬ್ಬರು ಬೇಕು. ಗಂಡನ ಹೆಸರು ಹಾಕಿ, ಒಂದು ಗಂಟೆಯ ಕೆಲಸ ಅಂದರು. ಅವನನ್ನು ಕೇಳಿದರೆ, "ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ, ನನ್ನ ಹೆಸರು ಯಾಕೆ?" ಅನ್ನುತ್ತಾನೆ. ನನಗೂ ಹಾಗೇ ಅನ್ನಿಸುತ್ತದೆ. ಅಚ್ಚು ನಿನ್ನದು, ಕೈ ನಿನ್ನದು. ಇನ್ನೊಬ್ಬರು ನೀನೇ ಆಗಬೇಕು. ಆಗುತ್ತೀಯಾ?

ಫೋನಿನಲ್ಲಿ ಕೇಳೋಣವೆಂದರೆ ಮೂವತ್ತು ವರ್ಷದ ಕಾರ್ಖಾನೆ ನಿನ್ನ ಕಿವಿ ತಿಂದಿದೆ. ಪಕ್ಕದ ಮನೆಯವರ ಫೋನಿಗೆ ಬರೆದು ಕಳಿಸಿದರೆ ಅದನ್ನು ಓದುವವರು ನೀನಲ್ಲ. ಅಂಚೆಯೇ ವಾಸಿ.

ನಾನು ಹೊಲಿಯುವಾಗ ಮಗುವನ್ನು ನೋಡಿಕೊಳ್ಳಲು ಬೆಳಗ್ಗೆ ಒಬ್ಬರು ಬರುತ್ತಾರೆ. ಒಳ್ಳೆಯವರು. ಬಾಯಿ ಸ್ವಲ್ಪ ಜೋರು.

ಎದ್ದಿತು.

ನಿನ್ನ
ದಾರ


ಫೆಬ್ರವರಿ ೧೮

ಮಗಳೇ ದಾರ,

ನಿನ್ನ ಕಾಗದ ಎರಡು ಸಲ ಓದಿದೆ. ಒಂದು ಸಲ ಕನ್ನಡಕ ಇಲ್ಲದೆ, ಒಂದು ಸಲ ಹಾಕ್ಕೊಂಡು. ಎರಡು ಸಲಾನೂ ನಗು ಬಂತು. ನಾನು, ಕಂಪನಿ! ಮೂವತ್ತು ವರ್ಷ ಕಂಪನಿಗೆ ಬಟ್ಟೆ ಕತ್ತರಿಸಿ ಕತ್ತರಿಸಿ ಬೆರಳು ಸೊಟ್ಟಗಾದವು. ಗೇಟಲ್ಲಿ ಚೀಲ ಬಿಚ್ಚಿ ತೋರಿಸಿ ಹೊರಗೆ ಬರ್ತಿದ್ವಿ. ಈಗ ನಾನೇ ಕಂಪನಿ ಆದ್ರೆ ನನ್ನ ಚೀಲ ಯಾರಿಗೆ ತೋರಿಸಲಿ?

ಆಗ್ತೀನಿ. ಅದರಲ್ಲಿ ಕೇಳೋದೇನಿದೆ. ನೀನು ಚಿಕ್ಕವಳಿದ್ದಾಗ ಸೂಜಿ ಹಿಂದೆ ದಾರದ ಹಾಗೆ ನನ್ನ ಹಿಂದೆ ಸುತ್ತುತ್ತಿದ್ದೆ, ಅದಕ್ಕೇ ಆ ಹೆಸರು ಬಿತ್ತು. ಈಗ ದಾರ ಮುಂದೆ ಹೋಗಿ ಸೂಜೀನ ಎಳೀತಿದೆ. ಎಳಿ.

ಕಾಗದಪತ್ರ ಏನಿದ್ರೂ ಅರ್ಥ ಆಗೋ ಹಾಗೆ ಬರೆಸಿ ಕಳಿಸು. ಅಂಚೇಲಿ ಸಹಿ ಕೇಳ್ಕೊಂಡು ಬರೋ ಕಾಗದ ಅಂದ್ರೆ ನನಗೆ ಬಿಚ್ಚೋಕೇ ಮನಸ್ಸಾಗಲ್ಲ, ಯಾಕೆ ಅಂತ ನಿನಗೆ ಅರ್ಧ ಗೊತ್ತು, ಇನ್ನರ್ಧ ಬೇಡ.

ಕಂಪನಿಗೆ ದೊಡ್ಡ ದೊಡ್ಡ ಹೆಸರು ಇಡಬೇಡ. ಗೇಣು ಅಂತ ಇಡು. ಅಷ್ಟರಿಂದ ತಾನೆ ಶುರುವಾಗಿದ್ದು.

ಕರೆಂಟಿನ ಮಿಷನ್ನಿಗೆ ತೆಳು ಬಟ್ಟೆ ಕೊಟ್ರೆ ನುಂಗದೆ ಇನ್ನೇನು. ಅದಕ್ಕೆ ಅವಸರ ಜಾಸ್ತಿ. ನಮ್ಮಪ್ಪನ ಕಾಲುಮಿಷನ್ನು ಆಗಿದ್ರೆ ಬೆಣ್ಣೆ ಹಾಗೆ ಹೋಗ್ತಿತ್ತು. ಅದರ ತಲೆ ನನ್ನ ಕಪಾಟಿನ ಮೇಲೆ ಕೂತಿದೆ, ಚಕ್ರ ತಿರುಗಿಸೋ ಚರ್ಮದ ಬೆಲ್ಟು ಕುತ್ತಿಗೆಗೆ ಸುತ್ಕೊಂಡು. ತಲೆ ಇಲ್ಲಿ, ಕಾಲು ಎಲ್ಲೋ. ದಿನಾ ಒರೆಸ್ತೀನಿ. ಒರೆಸಿ ಏನು ಮಾಡಲಿ.

ಮಗು ನೋಡಿಕೊಳ್ಳೋಕೆ ಬರೋರು ಯಾರು? ಬಾಯಿ ಜೋರಿದ್ರೆ ಪರವಾಗಿಲ್ಲ, ಕೈ ಮೆತ್ತಗಿರಬೇಕು. ಉಗುರು ನೋಡು.

ಮೂಗಿನ ಹತ್ತಿರ ಬೆರಳು ಹಿಡೀಬೇಡ. ಹೊಟ್ಟೆ ನೋಡು, ಹೊಟ್ಟೆ ಏಳ್ತಾ ಇಳೀತಾ ಇರುತ್ತೆ. ಎದ್ದಿರೋರ್ನ ಮಲಗಿಸೋದು ಕಷ್ಟ, ಮಲಗಿರೋರ್ನ ಎಬ್ಬಿಸೋದು ಪಾಪ.

ನಿನ್ನ ಸೂಜಿ


ಮಾರ್ಚ್ ೨

ಚಿಕ್ಕಮ್ಮ,

ಮಗುವಿಗೆ ನೆಗಡಿ. ಮೂರು ದಿನದಿಂದ ಹೆಗಲ ಮೇಲೇ ಇದೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಹೆದರಬೇಡ, ಡಾಕ್ಟರು ನೋಡಿದ್ದಾರೆ. ನಾನು ಹೆದರುತ್ತಿದ್ದೇನೆ, ಅಷ್ಟು ಸಾಕು ಮನೆಗೆ.

ಇದರ ಜೊತೆ ಪಾಲು ಪತ್ರ ಇಟ್ಟಿದ್ದೇನೆ. ನನಗೆ ಐವತ್ತು, ನಿನಗೆ ಐವತ್ತು. ಪೆನ್ಸಿಲಿನಲ್ಲಿ ಗುರುತು ಮಾಡಿದ ಮೂರು ಕಡೆ ಸಹಿ ಹಾಕಿ ಕಳಿಸು. ಸಾಕ್ಷಿ ಸಹಿ ಇಲ್ಲೇ ಆಗಿದೆ. ಹೆಚ್ಚು ಯೋಚಿಸಬೇಡ.

ಗೇಣು ಅನ್ನುವ ಹೆಸರು ಸಿಕ್ಕಿತು. ಯಾರೂ ಇಟ್ಟುಕೊಂಡಿರಲಿಲ್ಲವಂತೆ.

ದಾರ


ಮಾರ್ಚ್ ೨೪

ಪ್ರೀತಿಯ ಚಿಕ್ಕಮ್ಮನಿಗೆ,

ಇಪ್ಪತ್ತೆರಡು ದಿನವಾಯಿತು. ಕಾಗದ ಹೋಗಲು ಐದು ದಿನ, ಬರಲು ಐದು ದಿನ, ನಡುವೆ ನೀನು ಕನ್ನಡಕ ಹುಡುಕಲು ಎರಡು ದಿನ. ಇಷ್ಟು ಲೆಕ್ಕ ಹಾಕಿಯೂ ಹತ್ತು ದಿನ ಉಳಿಯುತ್ತದೆ.

ನನ್ನ ತಲೆ ಈಗ ಹೇಗಾಗಿದೆಯೆಂದರೆ, ಖಾಲಿ ಬಿಟ್ಟ ಜಾಗವನ್ನೆಲ್ಲ ತಾನೇ ತುಂಬಿಸಿಕೊಳ್ಳುತ್ತದೆ, ಅದೂ ಕೆಟ್ಟದ್ದನ್ನೇ. ನೀನು ಬಿದ್ದಿದ್ದೀಯ. ಮಲಗಿದ್ದೀಯ. ಅಂಚೆಯವನು ಲಕೋಟೆಯನ್ನು ಬೇರೆ ಮನೆಯ ಬಾಗಿಲಿಗೆ ಸಿಕ್ಕಿಸಿದ್ದಾನೆ. ಮೊನ್ನೆ ನಿನ್ನ ಅಳಿಯ ನಿಮ್ಮ ಪಕ್ಕದ ಮನೆಯವರಿಗೆ ಫೋನು ಮಾಡಿದ. "ಚೆನ್ನಾಗೇ ಇದ್ದಾರೆ, ಈಗ ತಾನೆ ಬಟ್ಟೆ ಒಣಗಿಸ್ತಿದ್ರು" ಅಂದರಂತೆ. ಸಮಾಧಾನವಾಯಿತು. ಒಂದು ಗಂಟೆಯ ಮೇಲೆ ಅದೇ ಮಾತು ಚುಚ್ಚತೊಡಗಿತು. ಚೆನ್ನಾಗೇ ಇದ್ದು ಬರೆಯುತ್ತಿಲ್ಲ.

ಏನು ತಪ್ಪಾಯಿತು ಅಂತ ಯೋಚಿಸಿದೆ. ಅಚ್ಚು ಪೂರ್ತಿ ನಿನ್ನದು, ನಾನು ಬರೀ ಹೊಲಿದವಳು. ಐವತ್ತು ಕಡಿಮೆಯಾಯಿತು ಅನ್ನಿಸಿದ್ದರೆ ನೇರ ಹೇಳು. ನಿನ್ನ ಪಾಲು ಅರವತ್ತು ಮಾಡಿಸುತ್ತೇನೆ. ಎಪ್ಪತ್ತಾದರೂ ಆಗಲಿ. ವಕೀಲೆ ಬೈದರೆ ಬೈಯಲಿ. ನಮ್ಮಿಬ್ಬರ ನಡುವೆ ಈ ಲೆಕ್ಕ ಇಷ್ಟಕ್ಕೇ ಮುಗಿಯಲಿ.

ನೆಗಡಿ ಹೋಯಿತು. ಮಗು ಈಗ ಮಗುಚಿಕೊಳ್ಳುತ್ತದೆ. ಮಗುಚಿಕೊಂಡು, ಇನ್ನು ಮುಂದೇನು ಅನ್ನುವ ಹಾಗೆ ನನ್ನನ್ನು ನೋಡುತ್ತದೆ.

ನಿನ್ನ ದಾರ


ಮಾರ್ಚ್ ೩೧

ಚಿರಂಜೀವಿಗೆ ಆಶೀರ್ವಾದಗಳು.

ನಾನು ಕ್ಷೇಮ. ನೀವೆಲ್ಲ ಕ್ಷೇಮ ಅಂತ ನಂಬಿದೀನಿ.

ಕಳಿಸಿದ ಪಾಲು ಪತ್ರ ಹಾಗೇ ವಾಪಸ್ ಇಟ್ಟಿದೀನಿ. ನನಗೆ ಐವತ್ತೂ ಬೇಡ, ಅರವತ್ತೂ ಬೇಡ. ಅಚ್ಚು ನಿನ್ನ ಹತ್ರಾನೇ ಇರಲಿ, ಅದು ಮಗುಗೆ ಅಂತ ಮಾಡಿದ್ದು, ಅದಕ್ಕೆ ಪಾಲು ಇಲ್ಲ.

ಇನ್ನರ್ಧ ಬೇಡ ಅಂದಿದ್ದೆ. ಈಗ ಹೇಳ್ತೀನಿ. ಹತ್ತೊಂಬತ್ತು ವರ್ಷದ ಹಿಂದೆ ಹೀಗೇ ಒಂದು ಲಕೋಟೆ ಬಂತು. ಮೇಲೆ ಪಾಲು ಪತ್ರ ಅಂತ ಬರೆದಿತ್ತು. ಅಪ್ಪನ ಟೈಲರ್ ಅಂಗಡಿ ನಮ್ಮಣ್ಣನಿಗೆ. ಮಿಷನ್ನಿನ ಕಾಲು ಅಕ್ಕನಿಗೆ. ಮಿಷನ್ನಿನ ತಲೆ ನನಗೆ. ಮಿಷನ್ನು ಏನು ಹಲಸೇನೇ, ಸೀಳಿ ಹಂಚೋಕೆ? ಕೆಳಗೆ ಸಾಕ್ಷಿ ಜಾಗದಲ್ಲಿ ನನ್ನ ಅಕ್ಕನ ಸಹಿ, ಬಾಲ ಉದ್ದ ಎಳೆದು. ನನ್ನನ್ನ ಒಂದು ಮಾತು ಕೇಳದೆ. ಅಣ್ಣ ಒಂದು ಚೀಟಿ ಇಟ್ಟಿದ್ದ, "ಹೆಚ್ಚು ಯೋಚಿಸಬೇಡ, ಗುರುತು ಮಾಡಿದಲ್ಲಿ ಸಹಿ ಹಾಕು" ಅಂತ. ಹಾಕಿದೆ. ಅವತ್ತಿಂದ ನಿಮ್ಮಮ್ಮನ ಜೊತೆ ಮಾತಿಲ್ಲ, ಅದು ನಿನಗೆ ಗೊತ್ತಿರೋ ಅರ್ಧ.

ಈಗ ನಿನ್ನ ಲಕೋಟೆ ಬಿಚ್ಚಿದ್ರೆ ಅದೇ ಪಾಲು ಪತ್ರ. ಅದೇ ಹೆಚ್ಚು ಯೋಚಿಸಬೇಡ. ಸಾಕ್ಷಿ ಜಾಗದಲ್ಲಿ ಅದೇ ಬಾಲ. ಹತ್ತೊಂಬತ್ತು ವರ್ಷ ಆದ್ರೂ ಆ ಬಾಲ ಒಂದಿಂಚು ಕಡಿಮೆ ಆಗಿಲ್ಲ.

ಕೂಡಿ ಮಾಡಿದ್ದನ್ನ ಇಷ್ಟು ಬೇಗ ಪಾಲು ಮಾಡಬೇಕು ಅನ್ನಿಸಿದ್ರೆ ಮಾಡ್ಕೋ. ಬೆಳಗ್ಗೆ ಬರೋ ಬಾಯಿ ಜೋರಿನವರು ಯಾರು ಅಂತಾನೂ ತಿಳೀತು.

ಮಗುನ ಬೆಚ್ಚಗೆ ಇಡು.

ಇಂತು,
ಚಿಕ್ಕಮ್ಮ


ಏಪ್ರಿಲ್ ೮

ಚಿಕ್ಕಮ್ಮ,

ನಿನ್ನ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿದೆ. "ಇಂತು, ಚಿಕ್ಕಮ್ಮ" ಅನ್ನುವಲ್ಲಿಗೆ ಬಂದಾಗ ಲಕೋಟೆ ತಿರುವಿ, ಕಳಿಸಿದವರ ವಿಳಾಸ ನಿನ್ನದೇನಾ ಅಂತ ನೋಡಿದೆ. ನೀನು ಸೂಜಿ ಅಂತ ಸಹಿ ಹಾಕದ ಕಾಗದ ನನಗೆ ಒಂಬತ್ತನೆಯ ವಯಸ್ಸಿನಿಂದ ಬಂದೇ ಇಲ್ಲ.

ಆ ಲಕೋಟೆಯನ್ನೂ ಮಗುವನ್ನೂ ಎತ್ತಿಕೊಂಡು ವಕೀಲೆಯ ಹತ್ತಿರ ಓಡಿದೆ. ಅವರು ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನಿನ್ನ ಕಾಗದ ಓದಿದರು. ಓದಿ ಕನ್ನಡಕ ತೆಗೆದರು.

"ಅಲ್ಲಮ್ಮ, ನಾನು ಷೇರು ಅಂತ ತಾನೆ ಹೇಳಿದ್ದು? ಬೀದಿಯಲ್ಲಿ ಹೋಗೋ ಯಾರನ್ನ ಕೇಳಿದ್ರೂ ಗೊತ್ತು. ಅದನ್ನ ಪಾಲು ಪತ್ರ ಅಂತ ಬರೆಯೋಕೆ ಯಾರು ಹೇಳಿದ್ರು?"

"ನಾನೇ. ನಮ್ಮ ಚಿಕ್ಕಮ್ಮನಿಗೆ ತಿಳೀಲಿ ಅಂತ."

"ತಿಳೀತಲ್ಲ. ಚೆನ್ನಾಗೇ ತಿಳೀತು."

ನಾಚಿಕೆಯಿಂದ ಸಾಯುವಂತಾಯಿತು. ಅರ್ಥ ಆಗುವ ಹಾಗೆ ಬರೆಸು ಅಂತ ನೀನು ಹೇಳಿದ್ದೆ. ಷೇರು ಅನ್ನುವುದು ಪೇಪರಿನ ಪದ, ನಿನಗೆ ದೂರದ್ದು ಅಂದುಕೊಂಡು ನಾನೇ ಕೂತು ಮೇಲಿನ ಹಾಳೆಯನ್ನು ಅಚ್ಚ ಕನ್ನಡದಲ್ಲಿ ಬರೆದೆ. ಓದಿದವಳ ಬುದ್ಧಿ. ಹುಡುಕಿ ಹುಡುಕಿ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದೇ ಪದವನ್ನು ತೆಗೆದು ನಿನ್ನ ಕೈಗಿಟ್ಟೆ.

ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ಪಾಲು ಅಂದ್ರೆ ಇರೋದನ್ನ ಒಡೆಯೋದು. ಷೇರು ಅಂದ್ರೆ ಇನ್ನೂ ಇಲ್ಲದ್ದನ್ನ ನಾಲ್ಕು ಜನ ಸೇರಿ ಕಟ್ಟೋದು. ಒಂದೇ ಕೂಸಿಗೆ ಇಬ್ಬರು ಅಮ್ಮಂದಿರು ಅಂತ ಬರೆದುಕೊಡೋ ಕಾಗದ ಇದು. ನಿಮ್ಮ ಚಿಕ್ಕಮ್ಮನಿಗೆ ಹೀಗೆ ಹೇಳಿ." ಹೇಳಿದ್ದೇನೆ.

ಇನ್ನು ಸಾಕ್ಷಿಯ ವಿಷಯ. ಅದು ತಪ್ಪಿನಿಂದ ಆದದ್ದಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಬೆಳಗ್ಗೆ ಬರುವವರು ಅಮ್ಮ. ಮಗು ಮನೆಗೆ ಬಂದ ಎರಡನೆಯ ವಾರದಿಂದಲೂ ಅವಳೇ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಒಂದು ಹೆಜ್ಜೆ ಹಿಂದೆ ಸರಿಯುತ್ತೀಯ ಅಂತ ಭಯ. ಅವಳಿಗೂ ಅಂಗಿ ಯಾರ ಅಚ್ಚು ಅಂತ ಹೇಳಲಿಲ್ಲ. ಆದರೆ ಅವಳು ಮೊದಲ ದಿನವೇ ನೀನು ಹೊಲಿದು ಕಳಿಸಿದ ಅಂಗಿಯನ್ನು ಎತ್ತಿ, ತಿರುವಿ, ಕಂಕುಳಿನ ಸೀಳಿನಲ್ಲಿ ಬೆರಳು ತೂರಿಸಿ ನೋಡಿ, ಮಡಚಿ ಇಟ್ಟಳು. "ಕೊನೆ ಹೊಲಿಗೆ ಎರಡು ಸಲ ಹಿಂದಕ್ಕೆ ಹೋಗಿದೆ" ಅಂದಳು. ಅಷ್ಟೇ. ಹಾಗೆ ಹೊಲಿಯುವವರು ಯಾರು ಅಂತ ಅವಳಿಗೆ ಗೊತ್ತಿತ್ತು.

ವಕೀಲೆಯ ಆಫೀಸಿನಲ್ಲಿ ಸಾಕ್ಷಿಗೆ ಯಾರಾದರೂ ಆಗುತ್ತಿತ್ತು. ಅಮ್ಮ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಕೂತಿದ್ದಳು. ಪೆನ್ನು ಅವಳ ಕಡೆ ನೂಕಿದವಳು ನಾನು. ನಿಮ್ಮಿಬ್ಬರ ಕೈಬರಹ ಒಂದೇ ಹಾಳೆಯ ಮೇಲೆ ಬಂದರೆ ಏನೋ ಆಗಿಬಿಡುತ್ತದೆ ಅಂದುಕೊಂಡೆ. ಆಯಿತು.

ನಿನ್ನ ಕಾಗದವನ್ನು ಅವಳಿಗೆ ತೋರಿಸಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ತೋರಿಸಿದೆ. ಬಟ್ಟೆ ಹಿಂಡುತ್ತಿದ್ದಳು, ಕೈ ಒರೆಸಿಕೊಂಡು ಓದಿದಳು. ಬಾಲದ ಸಾಲಿನಲ್ಲಿ ಒಂದು ಕ್ಷಣ ನಿಂತಳು. ಮತ್ತೆ ಹಿಂಡಲು ಶುರುಮಾಡಿದಳು. ಆ ಬಟ್ಟೆಯಲ್ಲಿ ಒಂದು ಹನಿ ನೀರು ಉಳಿದಿರಲಿಲ್ಲ, ಆದರೂ ಹಿಂಡಿದಳು.

"ಇಡೀ ಮಿಷನ್ನಿಗೆ ಅಣ್ಣ ಗಿರಾಕಿ ನೋಡಿದ್ದ" ಅಂದಳು. "ಮಾರನೇ ದಿನ ಗಾಡಿ ತರೋನಿದ್ದ. ನಾನು ಕಾಲು ನಂಗೇ ಬೇಕು ಅಂತ ಹಟ ಹಿಡಿದೆ. ಬರೀ ತಲೆ ಯಾವ ಗಿರಾಕಿಗೂ ಬೇಡ. ಹಾಗಾಗಿ ಅದು ಅವಳಿಗೆ ಸಿಕ್ತು. ಇಲ್ದಿದ್ರೆ ಅವಳಿಗೂ ಇಲ್ಲ, ನಂಗೂ ಇಲ್ಲ. ಆ ಪತ್ರಕ್ಕೆ ನಾನು ಸಾಕ್ಷಿ ಹಾಕ್ದೇ ಇದ್ರೆ ಅವನು ಒಪ್ತಿರಲಿಲ್ಲ."

"ಇದನ್ನ ಚಿಕ್ಕಮ್ಮನಿಗೆ ಯಾಕಮ್ಮ ಹೇಳಲಿಲ್ಲ?"

"ಅವಳು ಕೇಳಬೇಕಿತ್ತು."

"ಹತ್ತೊಂಬತ್ತು ವರ್ಷ?"

"ಹೂಂ. ಅವಳಿಗೆ ಮೊದಲಿಂದ್ಲೂ ಕಿವಿ ಕಮ್ಮಿ" ಅಂದಳು. ಬಟ್ಟೆ ಕೊಡವಿ ಆಚೆ ಹೋದಳು.

ಆ ಕಾಲು ಅವಳ ಮನೆಯ ಕಿಟಕಿಯ ಕೆಳಗಿದೆ. ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಎರಡು ಹೂಕುಂಡ. ಚಿಕ್ಕವಳಿದ್ದಾಗ ನಾನು ಅದರ ಕೆಳಗೆ ಕೂತು ಕಾಲಲ್ಲಿ ತುಳಿಯುವ ಮೆಟ್ಟು ಅಲ್ಲಾಡಿಸುತ್ತಿದ್ದೆ. "ಅಲ್ಲಾಡಿಸಬೇಡ, ಎಣ್ಣೆ ಹಾಕಿದೀನಿ" ಅನ್ನುತ್ತಿದ್ದಳು. ತಲೆಯಿಲ್ಲದ ಮಿಷನ್ನಿಗೆ ಎಣ್ಣೆ ಯಾಕೆ ಅಂತ ನನಗೆ ಒಮ್ಮೆಯೂ ಹೊಳೆಯಲಿಲ್ಲ. ನೀನು ಅಲ್ಲಿ ಒರೆಸುತ್ತಿದ್ದೆ, ಇವಳು ಇಲ್ಲಿ ಎಣ್ಣೆ ಹಾಕುತ್ತಿದ್ದಳು.

ಈಗ ನಿನಗೆ ಸುಳ್ಳು ಹೇಳಬಾರದು. ಇಪ್ಪತ್ತೊಂಬತ್ತಕ್ಕೆ ವಕೀಲೆ ಅರ್ಜಿ ಹಾಕಲೇಬೇಕು. ಅಷ್ಟರಲ್ಲಿ ನಿನ್ನ ಸಹಿ ಬರದಿದ್ದರೆ ಆ ಸಾಲಿನಲ್ಲಿ ನಿನ್ನ ಅಳಿಯನ ಹೆಸರು ಹೋಗುತ್ತದೆ. ಆ ಮಕ್ಕಳು ನಮ್ಮ ಮನೆಯ ಮಾತು ಮುಗಿಯುವವರೆಗೆ ಕಾಯಲಾರವು. ಮೊನ್ನೆ ವಾರ್ಡಿಗೆ ಒಂದು ಬಂದಿದೆ, ನಮ್ಮದಕ್ಕಿಂತ ನಾಲ್ಕು ಬೆರಳು ಚಿಕ್ಕದು. ಆದರೆ ಬೇರೆ ಹೆಸರು ಬರೆದ ಆ ಹಾಳೆಯನ್ನು ನಾನು ಜೀವಮಾನವಿಡೀ ಕಪಾಟಿನಲ್ಲಿ ಇಟ್ಟುಕೊಂಡು ಒರೆಸುತ್ತಿರಬೇಕಾಗುತ್ತದೆ.

ಹೊಸ ಹಾಳೆ ಇಟ್ಟಿದ್ದೇನೆ. ಷೇರು ಅಂತಲೇ ಇದೆ. ಸಾಕ್ಷಿ ಜಾಗದಲ್ಲಿ ಅಮ್ಮನ ಸಹಿಯೇ ಇದೆ, ನಿನ್ನ ಸಾಲು ಖಾಲಿ ಇದೆ. ಹೆಚ್ಚು ಯೋಚಿಸು.

ದಾರ


ಏಪ್ರಿಲ್ ೧೯

ದಾರ,

ಕೇಳಬೇಕಿತ್ತಂತೆ. ಹೇಳಬೇಕಿತ್ತು ಅಂತ ನಾನೂ ಹತ್ತೊಂಬತ್ತು ವರ್ಷ ಕೂತಿದ್ದೆ. ಒಂದೇ ಹೊಟ್ಟೇಲಿ ಹುಟ್ಟಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಹಿ ಹಾಕಿದೀನಿ, ಮೂರು ಕಡೆ. ಅಕ್ಷರ ಸೊಟ್ಟ ಬಂದಿದ್ದು ಬೆರಳು ಸೊಟ್ಟಗಿರೋದಕ್ಕೆ, ಬೇರೆ ಏನಿಲ್ಲ. ನಿಮ್ಮ ವಕೀಲೆಗೆ ಹೇಳು, ಆಯಮ್ಮ ಹೇಳಿದ್ದು ಅರ್ಥ ಆಯ್ತು ಅಂತ. ಕಾರ್ಖಾನೆ ಗೇಟಲ್ಲಿ ಚೀಲ ತೋರಿಸಿದ್ದವಳು ಹೀಗೊಂದು ಸಾಲಲ್ಲಿ ಹೆಸರು ಬರೀತಾಳೆ ಅಂತ ಯಾರಂದ್ಕೊಂಡಿದ್ರು. ಬರೆದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ.

ಆದ್ರೆ ಒಂದು ಷರತ್ತು. ಹಾಳೇಲಿ ಪೆನ್ಸಿಲಲ್ಲಿ ಬರೆದಿದೀನಿ, ನೋಡು. ಅಕ್ಕನ ಹೆಸರನ್ನ ಸಾಕ್ಷಿ ಜಾಗದಿಂದ ತೆಗೆದು ಮೇಲೆ, ನಮ್ಮಿಬ್ಬರ ಜೊತೆ ಹಾಕು. ಸಾಕ್ಷಿ ಹಾಕಿ ಹಾಕಿ ಅವಳಿಗೂ ಸಾಕಾಗಿರುತ್ತೆ. ನಿನಗೆ ಐವತ್ತೆರಡು. ನಮ್ಮಿಬ್ರಿಗೂ ಇಪ್ಪತ್ನಾಲ್ಕು ಇಪ್ಪತ್ನಾಲ್ಕು. ಜಗಳ ಬಂದ್ರೆ ನಾವಿಬ್ರೂ ಆಡ್ಕೋತೀವಿ, ಅಭ್ಯಾಸ ಇದೆ. ನೀನು ಹೊಲೀತಾ ಇರು.

ನಾಲ್ಕು ಬೆರಳು ಚಿಕ್ಕದಕ್ಕೆ ಬೇರೆ ಅಚ್ಚು ಬೇಕು. ಇದನ್ನೇ ಸಣ್ಣದು ಮಾಡಿದ್ರೆ ಕಂಕುಳು ಹಿಡಿಯುತ್ತೆ. ಕತ್ತರಿಸಿ ಇದರಲ್ಲೇ ಇಟ್ಟಿದೀನಿ.

ಒಂದು ಪಾರ್ಸಲ್ ಬೇರೆ ಬರುತ್ತೆ. ಭಾರ ಇದೆ. ಇಬ್ಬರು ಹಿಡಿದು ಇಳಿಸಿ.

ಸೂಜಿ


ಮೇ ೬

ಪ್ರೀತಿಯ ಸೂಜಿಗೆ,

ನಿನ್ನ ಕಾಗದ ಇಪ್ಪತ್ತನಾಲ್ಕಕ್ಕೆ ಬಂತು. ವಕೀಲೆ ನಿನ್ನ ಪೆನ್ಸಿಲಿನ ಲೆಕ್ಕ ನೋಡಿ, "ಇಬ್ಬರು ಸೇರಿದ್ರೂ ನಿಮ್ಮನ್ನ ಸೋಲಿಸೋಕಾಗಲ್ಲ, ಹಾಗೆ ಹಂಚಿದಾರೆ. ನಾನು ಹೇಳಿಕೊಡಬೇಕಾದ್ದನ್ನ ಇವರೇ ಮಾಡಿದಾರೆ, ಫೀಸು ಅವರಿಗೇ ಕೊಡ್ರಿ" ಅಂದರು. ಅಮ್ಮನ ಹೆಸರು ಮೇಲೆ ಹೋದ ಮೇಲೆ ಸಾಕ್ಷಿ ಜಾಗ ಖಾಲಿಯಾಯಿತಲ್ಲ. ಕೆಳಗಿನ ಟೈರು ಅಂಗಡಿಯವರು ಗ್ರೀಸಿನ ಕೈ ಒರೆಸಿ ಒರೆಸಿ ಬಂದು ಸಹಿ ಹಾಕಿದರು. ಒರೆಸಿದ್ದು ಸಾಲಲಿಲ್ಲ. ನಮ್ಮ ಕಂಪನಿಯ ಹುಟ್ಟು ಪತ್ರದ ಮೂಲೆಯಲ್ಲಿ ಒಂದು ಕಪ್ಪು ಹೆಬ್ಬೆರಳಿದೆ.

ಇಪ್ಪತ್ತೆಂಟಕ್ಕೆ ಅರ್ಜಿ ಹೋಯಿತು. ಮೇ ನಾಲ್ಕಕ್ಕೆ ಗೇಣು ಹುಟ್ಟಿತು. ಆಸ್ಪತ್ರೆಯ ಪಟ್ಟಿಯಲ್ಲಿ ಹನ್ನೊಂದನೆಯವರು ನಾವು. ವಕೀಲೆ ಪ್ರಮಾಣಪತ್ರ ಕೊಡುವಾಗ, "ಇದು ಹೊತ್ತಿಗೆ ಸರಿಯಾಗಿ ಹುಟ್ಟಿದೆ, ಹೆದರಬೇಡಿ" ಅಂದರು. ನಾಲ್ಕು ಬೆರಳು ಚಿಕ್ಕದರ ಅಂಗಿಯನ್ನು ನಿನ್ನ ಅಚ್ಚು ಬಂದ ಮಾರನೆಯ ದಿನವೇ ಕೊಟ್ಟು ಬಂದೆ. ಕಂಕುಳು ಹಿಡಿಯಲಿಲ್ಲ.

ನಿನ್ನೆ ಬೆಳಗ್ಗೆ ಪಾರ್ಸಲ್ ಬಂತು. ನಿನ್ನ ಅಳಿಯನೂ ಎದುರು ಮನೆಯವರೂ ಇಳಿಸಿದರು. ಅಮ್ಮ ಯಾರಿಗೂ ಬಿಚ್ಚಲು ಬಿಡಲಿಲ್ಲ. ಹಗ್ಗ ಕತ್ತರಿಸಲಿಲ್ಲ, ಒಂದೊಂದೇ ಗಂಟು ಬಿಡಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಮಧ್ಯಾಹ್ನ ಒಂದು ಗಾಡಿಯಲ್ಲಿ ಕಾಲು ಹಾಕಿಸಿಕೊಂಡು ಬಂದಳು. ಹೂಕುಂಡ ಬಿಟ್ಟು ಬಂದಿದ್ದಳು, ಅವುಗಳ ದುಂಡು ಗುರುತು ಹಲಗೆಯ ಮೇಲಿತ್ತು. ತಲೆಯನ್ನು ಕೂರಿಸಿ ತಿರುಪು ಹಾಕಿದೆವು. ಕೂತಿತು, ಚಿಕ್ಕಮ್ಮ. ಒಂದು ಕೂದಲೆಳೆಯಷ್ಟೂ ಆಚೀಚೆಯಾಗದೆ.

ಮಗುವನ್ನು ಕೆಳಗೆ ಬಿಟ್ಟೆ. ಅದು ಮಗುಚಿಕೊಂಡು ಹೋಗಿ ಮೆಟ್ಟಿನ ಮೇಲೆ ಕೈ ಇಟ್ಟಿತು. ಮೆಟ್ಟು ಸದ್ದಿಲ್ಲದೆ ಅಲ್ಲಾಡಿತು. ಮೇಲೆ ಚಕ್ರ ಮಾತ್ರ ತಿರುಗಲಿಲ್ಲ.

ಇವತ್ತು ಇಷ್ಟು ಬರೆದಿಟ್ಟು ನಾನು ನಾಲ್ಕು ಗಂಟೆ ಒಂದೇ ಸಮನೆ ಮಲಗಿದೆ. ಎದ್ದಾಗ ಅಮ್ಮ ಈ ಕಾಗದವನ್ನು ಮುಂದಿಟ್ಟುಕೊಂಡು ಕೂತಿದ್ದಳು. ಕೆಳಗೆ ಜಾಗ ಬಿಡು ಅಂದಳು. ಬಿಟ್ಟಿದ್ದೇನೆ. ಅವಳು ಬರೆಯುವುದನ್ನು ನಾನು ಓದುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ನಿನ್ನ
ದಾರ

ಬೆಲ್ಟು ಕಳಿಸಿಲ್ಲ. ಬೇಕಂತಲೇ ಇಟ್ಕೊಂಡಿದೀಯ, ಗೊತ್ತು. ಅಂಚೇಲಿ ಹಾಕಬೇಡ. ನೀನೇ ತಗೊಂಡು ಬಾ.
ಅಕ್ಕ